ಬೆಂಗಳೂರಿನಿಂದ ಹೊರಟ ಎತ್ತಿನ ಗಾಡಿಗಳು

(ಹಾಸನದಲ್ಲಿ ಫೋಟೋಗ್ರಫಿ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ನಿಮ್ಮಲ್ಲಿ ಹೆಚ್ಚಿನವರು ಊರೂರು ಸುತ್ತಿ ಫೋಟೋ ತೆಗೆಯುವವರು. ಹಾಗಾಗಿ ಊರು ಸುತ್ತಿದ ಒಬ್ಬ ಹಳೇ ಫೋಟೋಗ್ರಾಫರ್ ಬಗ್ಗೆ ಮಾತಾಡುತ್ತೇನೆ. ಹೆಸರು ಲಿನೀಯಸ್ ಟ್ರೈಪ್. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದವನು. ಹುಟ್ಟಿದ್ದು 1822ರಲ್ಲಿ, ಇಂಗ್ಲೆಂಡಿನ ಡೆವನ್‌ಪೋರ್ಟ್ ಎಂಬ ಬಂದರಿನ ಊರಲ್ಲಿ. ಆದರೆ ಆತನ ಮುಖ್ಯ ಕೆಲಸವೆಲ್ಲ ನಡೆದದ್ದು ನಮ್ಮ ಬೆಂಗಳೂರಿನ ದಂಡಿನಿಂದ. 1854ರ ಡಿಸೆಂಬರ್‌ನಲ್ಲಿ ಆತ ಕ್ಯಾಮೆರಾ ಹೇರಿಕೊಂಡು ಬಂದದ್ದು ಎಲ್ಲಿಗೆ ಗೊತ್ತಾ? ಹಳೇಬೀಡು, ಬೇಲೂರಿಗೆ. ಇಲ್ಲಿಂದ ಒಂದು ಗಂಟೆಯ ದಾರಿ. ನಮ್ಮ ಹೊಯ್ಸಳ ಗುಡಿಗಳ ಮೊದಮೊದಲ ಫೋಟೋಗಳಲ್ಲಿ ಆತ ತೆಗೆದವು ಸೇರುತ್ತವೆ.

ನಾನು ಅವನ್ನು ಮೊದಲ ಸಲ ನೋಡಿದ್ದು ಮಾತ್ರ ಲಂಡನ್ನಿನಲ್ಲಿ. 2015ರಲ್ಲಿ ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಟ್ರೈಪ್ ಚಿತ್ರಗಳ ಪ್ರದರ್ಶನ ನಡೆಯಿತು. ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಎರಡನ್ನೂ ಮುಗಿಸಿಕೊಂಡು ಆ ಪ್ರದರ್ಶನ ಲಂಡನ್ನಿಗೆ ಬಂದಿತ್ತು. ಆಗ ನಾನು ಅಕ್ಕನ ಮಗಳ ಮನೆಯಲ್ಲಿದ್ದೆ. ಅವಳೇ ಕರೆದುಕೊಂಡು ಹೋದಳು. ಇವತ್ತು ನಾನು ಹೇಳುವ ಚಿತ್ರಗಳಲ್ಲಿ ಅಲ್ಲಿ ಗೋಡೆಯ ಮೇಲೆ ಕಂಡವೂ ಇವೆ, ಆಮೇಲೆ ಮ್ಯೂಸಿಯಂಗಳ ಆನ್‌ಲೈನ್ ಸಂಗ್ರಹದಲ್ಲಿ ಹುಡುಕಿ ಹುಡುಕಿ ನೋಡಿದವೂ ಇವೆ. ಎರಡನ್ನೂ ಸೇರಿಸಿಯೇ ಹೇಳುತ್ತೇನೆ.

ಆ ಮ್ಯೂಸಿಯಂಗೆ ಹೋದ ಕನ್ನಡದವರು ಮೊದಲು ಹುಡುಕುವುದು ಟಿಪ್ಪುವಿನ ಹುಲಿಯನ್ನು. ಬಿಳಿ ಸಿಪಾಯಿಯ ಮೇಲೆ ಎರಗಿದ ಮರದ ಹುಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕಂಪನಿಯವರು ಎತ್ತಿಕೊಂಡು ಹೋದದ್ದು. ನಾವೂ ಮೊದಲು ಅದನ್ನೇ ನೋಡಿದೆವು. ಟಿಪ್ಪು ಬಿದ್ದ ಮೇಲೆ ಕಂಪನಿಯ ಸೈನ್ಯ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿತು. ಆಮೇಲೆ ಬೆಂಗಳೂರಿಗೆ ಬಂತು, ದಂಡು ಬೆಳೆಯಿತು. ಆ ದಂಡಿಗೆ ಬಂದ ಅಧಿಕಾರಿಗಳಲ್ಲಿ ಒಬ್ಬ ಟ್ರೈಪ್. ಹುಲಿಯೂ ಫೋಟೋಗಳೂ ಒಂದೇ ಕಟ್ಟಡದಲ್ಲಿ ಇದ್ದದ್ದು ಸುಮ್ನೆ ಅಲ್ಲ ಅಂತ ನನಗೆ ಆಗಲೇ ಅನ್ನಿಸಿತು. ಈ ಚಿತ್ರಗಳ ಚೆಲುವಿನ ಬಗ್ಗೆ ಮಾತಾಡುವಾಗ ಈ ಮಾತನ್ನು ಪಕ್ಕಕ್ಕೆ ಇಡಬಾರದು.

ಪ್ರದರ್ಶನದ ಕೋಣೆಯಲ್ಲಿ ಬೆಳಕು ಕಡಿಮೆ. ಹಳೇ ಪ್ರಿಂಟ್‌ಗಳು ಬೆಳಕಿಗೆ ಮಾಸುತ್ತವೆ, ಅದಕ್ಕೆ. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಒಂದೊಂದೇ ಚಿತ್ರ ತೆರೆದುಕೊಳ್ಳುತ್ತದೆ. ಸುಮಾರು 25 ಸೆಂಟಿಮೀಟರ್ ಎತ್ತರ, 35 ಸೆಂಟಿಮೀಟರ್ ಅಗಲ. ಬಣ್ಣ ಕಂದು, ಕೆಲವು ಕಡೆ ನೇರಳೆ ಕಡೆಗೆ ವಾಲಿದ ಕಂದು. ನಾವು ಸ್ಟುಡಿಯೋದಲ್ಲಿ ತೊಳೆಸುತ್ತಿದ್ದ ಫೋಟೋಗಳ ಥರ ಮೇಲೆ ಹೊಳಪಿನ ಪದರ ಎದ್ದು ಕಾಣುವುದಿಲ್ಲ. ಚಿತ್ರ ಕಾಗದದ ಒಳಗೇ ಕೂತಂತೆ ಇರುತ್ತದೆ. ಹತ್ತಿರ ಹೋಗಿ ನೋಡಿದರೆ ಕಾಗದದ ನಾರು ಕೂಡ ಚಿತ್ರದಲ್ಲಿ ಸೇರಿಕೊಂಡಿರುತ್ತದೆ. ಕಲ್ಲಿನ ಗೋಡೆಗೆ ಇದು ಎಷ್ಟು ಚೆನ್ನಾಗಿ ಒಪ್ಪುತ್ತದೆ ಅಂದರೆ, ಕಲ್ಲಿನ ತರಿ ಯಾವುದು, ಕಾಗದದ ತರಿ ಯಾವುದು ಅಂತ ಬೇರೆ ಮಾಡುವುದೇ ಕಷ್ಟ.

ಇದು ಹೇಗೆ ಆಗುತ್ತಿತ್ತು ಅಂತ ಸ್ವಲ್ಪ ವಿವರವಾಗಿ ಹೇಳಬೇಕು. ನಿಮಗೆ ಇದರಲ್ಲಿ ಆಸಕ್ತಿ ಇರುತ್ತದೆ ಅಂತ ಗೊತ್ತು. 1850ರ ದಶಕದಲ್ಲಿ ನೆಗೆಟಿವ್, ಅಂದರೆ ಕಪ್ಪು ಬಿಳುಪು ಅದಲುಬದಲಾಗಿ ಮೂಡುವ ಮೂಲ ಚಿತ್ರ, ಮಾಡಲು ಎರಡು ದಾರಿ ಇದ್ದವು. ಒಂದು ಗಾಜು. ಗಾಜಿನ ತಟ್ಟೆಗೆ ರಾಸಾಯನಿಕ ಹಚ್ಚಿ, ಅದು ಒದ್ದೆಯಿರುವಾಗಲೇ ಫೋಟೋ ತೆಗೆದು, ಒದ್ದೆಯಿರುವಾಗಲೇ ತೊಳೆದು ಮುಗಿಸಬೇಕು. ಅಂದರೆ ಹೋದ ಕಡೆಯೆಲ್ಲ ಡಾರ್ಕ್‌ರೂಮನ್ನೇ ಹೊತ್ತುಕೊಂಡು ಹೋಗಬೇಕು. ಗಾಜು ಭಾರ, ದಾರಿಯಲ್ಲಿ ಒಡೆಯುತ್ತದೆ. ಇನ್ನೊಂದು ದಾರಿ ಕಾಗದ. ಒಳ್ಳೆಯ ತೆಳು ಕಾಗದಕ್ಕೆ ಬಿಸಿ ಮೇಣ ಹೀರಿಸುವುದು. ಆಮೇಲೆ ಅಯೋಡೈಡ್ ದ್ರಾವಣದಲ್ಲಿ ಅದ್ದುವುದು, ಸಿಲ್ವರ್ ನೈಟ್ರೇಟ್‌ನಲ್ಲಿ ಅದ್ದಿ ಒಣಗಿಸುವುದು. ಹೀಗೆ ಮಾಡಿಟ್ಟುಕೊಂಡ ಹಾಳೆ ಕೆಲವು ದಿನ ಕೆಡದೆ ಇರುತ್ತದೆ. ಫೋಟೋ ತೆಗೆದ ತಕ್ಷಣ ತೊಳೆಯಲೇಬೇಕು ಅಂತಿಲ್ಲ. ಊರೂರು ಸುತ್ತುವವನಿಗೆ ಇದೇ ಅನುಕೂಲ. ಟ್ರೈಪ್ ಹೆಚ್ಚಾಗಿ ಹಿಡಿದದ್ದು ಈ ದಾರಿಯನ್ನೇ.

ಆದರೆ ಕಾಗದ ನಿಧಾನ. ಬಿಸಿಲಿನಲ್ಲೇ ನಿಮಿಷಗಟ್ಟಲೆ ಲೆನ್ಸ್ ತೆರೆದಿಡಬೇಕು. ಗುಡಿಯ ಒಳಗೆ ಕತ್ತಲಿದ್ದರೆ ಇನ್ನೂ ಜಾಸ್ತಿ. ಜೊತೆಗೆ ಆಗಿನ ರಾಸಾಯನಿಕಕ್ಕೆ ನೀಲಿ ಬೆಳಕು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಆಕಾಶ ಬೇಗ ಸುಟ್ಟುಹೋಗಿ ಪ್ರಿಂಟ್‌ನಲ್ಲಿ ಬರೀ ಬಿಳಿ ಬರುತ್ತಿತ್ತು. ಹಸಿರು ಮರಗಳು ಕಪ್ಪು ಮುದ್ದೆಯಾಗುತ್ತಿದ್ದವು. ಇದಕ್ಕೆ ಟ್ರೈಪ್ ಒಂದು ಉಪಾಯ ಮಾಡಿದ. ನೆಗೆಟಿವ್ ಮೇಲೆ ಕುಂಚದಿಂದ ಬಣ್ಣ ಹಚ್ಚಿ ಆಕಾಶದಲ್ಲಿ ಮೋಡ ಬರೆದ. ಮರದ ಎಲೆಗಳ ಮೇಲೆ ಬೆಳಕಿನ ಚುಕ್ಕೆ ಇಟ್ಟ. ನೀವು ಬರ್ಮಾದ ಚಿತ್ರಗಳಲ್ಲಿ ನೋಡುವ ಎಷ್ಟೋ ಮೋಡಗಳು ಆಕಾಶದಲ್ಲಿ ಇರಲೇ ಇಲ್ಲ, ಕ್ಯಾಪ್ಟನ್ನನ ಕೈಯಿಂದ ಬಂದವು.

ಇದನ್ನು ಹೇಳಿದ ಕೂಡಲೇ ಇಲ್ಲಿ ಕೂತ ಕೆಲವರ ಮುಖದಲ್ಲಿ ನಗು ಬಂತು. ಫೋಟೋಶಾಪ್ ನೆನಪಾಯಿತು ಅಲ್ವಾ? ನಿಮ್ಮ ಕೈಯಲ್ಲಿರುವ ಫೋನು ಕೂಡ ಆಕಾಶವನ್ನೂ ನೆಲವನ್ನೂ ಬೇರೆ ಬೇರೆ ತೂಗಿ ಸರಿಮಾಡಿಯೇ ಕೊಡುತ್ತದೆ. ನಾನು ಇದನ್ನು ಮೋಸ ಅನ್ನುವುದಿಲ್ಲ. ಆತ ಬರೆದದ್ದು ಮೋಡ, ಎಲೆ. ಕಲ್ಲಿನ ಕೆತ್ತನೆಯನ್ನು ತಿದ್ದಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಯಾವುದನ್ನು ತೋರಿಸಲು ಹೋಗಿದ್ದನೋ ಅದರ ಮೇಲೆ ಕುಂಚ ಆಡಿಸಲಿಲ್ಲ. ಈ ಗೆರೆ ನಮಗೂ ಒಳ್ಳೆಯದೇ.

ಈಗ ಚಿತ್ರಗಳಿಗೆ ಬರೋಣ. ಮೊದಲನೆಯದು ನಮ್ಮದೇ, ಹಳೇಬೀಡು. 1854ರ ಡಿಸೆಂಬರ್. ಒಂದು ಕಂಬದ ಮಂಟಪವನ್ನು ಈಶಾನ್ಯ ದಿಕ್ಕಿನಿಂದ ತೆಗೆದದ್ದು. ದಿಕ್ಕು ನನಗೆ ಹೇಗೆ ಗೊತ್ತು ಅಂದರೆ ಆತನೇ ಹೆಸರಿನಲ್ಲಿ ಬರೆದಿಟ್ಟಿದ್ದಾನೆ. ಊರು, ಕಟ್ಟಡ, ಯಾವ ದಿಕ್ಕಿನಿಂದ ಕಂಡದ್ದು. ಇದೇ ಆತನ ಕ್ರಮ.

ಹಳೇಬೀಡಿನ ಕಲ್ಲನ್ನು ನೀವೆಲ್ಲ ಮುಟ್ಟಿ ನೋಡಿದ್ದೀರಿ. ಬಳಪದ ಕಲ್ಲು. ಕಂಬಗಳು ಕಡೆದು ನುಣುಪು ಮಾಡಿದವು, ಉಂಗುರ ಉಂಗುರವಾಗಿ. ಮಧ್ಯಾಹ್ನ ಹೋದರೆ ಆ ಕಂಬಗಳು ಸಪ್ಪೆ. ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಒಂದೊಂದು ಉಂಗುರದ ಅಂಚಿಗೂ ಗೆರೆ ಎಳೆದ ಹಾಗೆ ಬೆಳಕು ಬರುತ್ತದೆ. ಈಶಾನ್ಯದಲ್ಲಿ ನಿಂತವನಿಗೆ ಡಿಸೆಂಬರ್‌ನಲ್ಲಿ ಏನು ಸಿಗುತ್ತದೆ ಯೋಚಿಸಿ. ಸೂರ್ಯ ತೆಂಕಣಕ್ಕೆ ಸರಿದಿರುತ್ತಾನೆ, ಆಗ್ನೇಯದಲ್ಲಿ ಹುಟ್ಟುತ್ತಾನೆ. ಬೆಳಗ್ಗೆ ಕಟ್ಟಡದ ಪೂರ್ವದ ಮೈಗೆ ಬಿಸಿಲು, ಉತ್ತರದ ಮೈಗೆ ನೆರಳು. ಎರಡೂ ಒಂದೇ ಚಿತ್ರದಲ್ಲಿ ಸಿಕ್ಕರೆ ಮೂಲೆ ಎದ್ದು ನಿಲ್ಲುತ್ತದೆ, ಕಟ್ಟಡಕ್ಕೆ ಗಾತ್ರ ಬರುತ್ತದೆ. ಹಳೇಬೀಡಿಗೆ ಹೋದಾಗಲೆಲ್ಲ ನಾನು ಈ ಲೆಕ್ಕವನ್ನು ಹಾಕಿ ನೋಡುತ್ತೇನೆ. ನೀವೂ ಈ ಚಳಿಗಾಲದಲ್ಲಿ ಒಮ್ಮೆ ಬೆಳಗ್ಗೆ ಬೇಗ ಹೋಗಿ ಯಾವುದಾದರೂ ಗುಡಿಯ ಈಶಾನ್ಯ ಮೂಲೆಯಲ್ಲಿ ನಿಂತುಕೊಳ್ಳಿ.

ಅಕ್ಕನ ಮಗಳು ಆ ಚಿತ್ರಗಳ ಮುಂದೆ ನಿಂತು ಕೇಳಿದ್ದು ಬೇರೆಯದೇ ಪ್ರಶ್ನೆ. "ಚಿಕ್ಕಮ್ಮ, ಎಲ್ಲಾ ಖಾಲಿ ಖಾಲಿ. ಜನ ಎಲ್ಲಿ?"

ಒಳ್ಳೆಯ ಪ್ರಶ್ನೆ. ನಿಮಿಷಗಟ್ಟಲೆ ಲೆನ್ಸ್ ತೆರೆದಿದ್ದರೆ ನಡೆದು ಹೋಗುವವರು ಕಾಗದದ ಮೇಲೆ ಉಳಿಯುವುದಿಲ್ಲ. ನಿಂತವರು ಸ್ವಲ್ಪ ಅಲುಗಾಡಿದರೆ ಹೊಗೆಯಂತೆ ಉಳಿಯುತ್ತಾರೆ. ಇದು ಕ್ಯಾಮೆರಾದ ಕಾರಣ. ಇನ್ನೊಂದು ಕಾರಣ ಟ್ರೈಪನದೇ. ಆತನಿಗೆ ಬೇಕಿದ್ದದ್ದು ಕಟ್ಟಡ. ಯೋಚಿಸಿ, 1854ರಲ್ಲಿ ಹಳೇಬೀಡಿಗೆ ಒಬ್ಬ ದೊರೆ ಮೂರು ಕಾಲಿನ ಪೆಟ್ಟಿಗೆ ತಂದು ನಿಲ್ಲಿಸಿದರೆ ಊರಿನ ಮಕ್ಕಳು ಸುಮ್ಮನೆ ಮನೆಯಲ್ಲಿರುತ್ತಾರಾ? ದನ ಮೇಯಿಸುವವರು, ಗಾಡಿ ಹೊಡೆಯುವವರು, ನೀರು ತಂದುಕೊಟ್ಟವರು ಎಲ್ಲ ಇದ್ದೇ ಇರುತ್ತಾರೆ. ಲೆನ್ಸಿನ ಈ ಕಡೆ, ಟ್ರೈಪನ ಬೆನ್ನ ಹಿಂದೆ. ಆ ಚಿತ್ರಗಳನ್ನು ನೋಡುವಾಗ ನನಗೆ ಆ ಗುಂಪಿನ ಗಲಾಟೆ ಕೇಳಿಸುತ್ತದೆ. ಅವರನ್ನು ಈ ಕಡೆ ತಿರುಗಿ ಒಂದೇ ಒಂದು ಹಾಳೆಯಲ್ಲಿ ತೆಗೆದಿದ್ದರೆ ನಮಗೆ ಇವತ್ತು ಎಷ್ಟು ದೊಡ್ಡ ಆಸ್ತಿ ಆಗುತ್ತಿತ್ತು! ಇದು ನನಗೆ ನಿಜವಾಗಿ ನೋವಾಗುವ ಕೊರತೆ.

ಮುಂದಿನ ವರ್ಷ, 1855ರಲ್ಲಿ, ಮದ್ರಾಸಿನಲ್ಲಿ ಒಂದು ದೊಡ್ಡ ವಸ್ತುಪ್ರದರ್ಶನ ನಡೆಯಿತು. ಟ್ರೈಪ್ ಅಲ್ಲಿ 68 ಚಿತ್ರ ಇಟ್ಟ. ಮೊದಲ ದರ್ಜೆಯ ಪದಕ ಬಂತು. ಅದೇ ಹೊತ್ತಿಗೆ ಗವರ್ನರ್ ಜನರಲ್ ಡಾಲ್‌ಹೌಸಿ ಬರ್ಮಾದ ರಾಜ ಮಿಂಡೋನ್ ಹತ್ತಿರ ಒಂದು ರಾಯಭಾರ ಕಳಿಸುತ್ತಿದ್ದ. 1852ರ ಯುದ್ಧದಲ್ಲಿ ಕಂಪನಿ ಕೆಳ ಬರ್ಮಾವನ್ನು ಕಿತ್ತುಕೊಂಡಿತ್ತು. ಉಳಿದ ಬರ್ಮಾ ಹೇಗಿದೆ ಅಂತ ತಿಳಿಯಬೇಕಿತ್ತು. ರಾಯಭಾರಿ ಆರ್ಥರ್ ಫೇರ್, ಕಾರ್ಯದರ್ಶಿ ಹೆನ್ರಿ ಯೂಲ್, ಚಿತ್ರ ಬರೆಯಲು ಕೋಲ್ಸ್‌ವರ್ದಿ ಗ್ರಾಂಟ್, ಫೋಟೋ ತೆಗೆಯಲು ಟ್ರೈಪ್. ಇರಾವತಿ ನದಿಯಲ್ಲಿ ಹಡಗಿನಲ್ಲಿ ಮೇಲಕ್ಕೆ ಹೋದರು.

ಮಳೆಗಾಲ ಅದು. ಮಳೆ, ಕಾಯಿಲೆ, ರಾಯಭಾರದ ಓಡಾಟ ಎಲ್ಲ ಕಳೆದು ಟ್ರೈಪ್‌ಗೆ ಕೆಲಸಕ್ಕೆ ಸಿಕ್ಕಿದ್ದು 36 ದಿನ. ಅಷ್ಟರಲ್ಲಿ 200ಕ್ಕೂ ಹೆಚ್ಚು ನೆಗೆಟಿವ್ ಮಾಡಿದ. ಒಂದೊಂದಕ್ಕೂ ಮೇಣ, ಬೆಳ್ಳಿ, ಕಾಯುವಿಕೆ, ತೊಳೆಯುವಿಕೆ. ಆ ಸೆಕೆಯಲ್ಲಿ. ಇದನ್ನು ಕೇಳಿದರೆ ನನಗೆ ಈಗಲೂ ಆಶ್ಚರ್ಯವಾಗುತ್ತದೆ.

ಬರ್ಮಾದ ಚಿತ್ರಗಳಲ್ಲಿ ನನಗೆ ಎರಡು ಬಹಳ ಇಷ್ಟ. ಒಂದು ಮಿಂಗುನ್‌ನದು. ಬೋಡಾಪಯಾ ಎಂಬ ರಾಜ 1790ರಲ್ಲಿ ಅಲ್ಲಿ ಒಂದು ಭಾರಿ ಪಗೋಡ ಕಟ್ಟಲು ಶುರುಮಾಡಿದ. 150 ಮೀಟರ್ ಎತ್ತರ ಹೋಗಬೇಕಿತ್ತು ಅಂತಾರೆ. ಮೂರನೇ ಒಂದು ಭಾಗಕ್ಕೇ ನಿಂತಿತು. 1839ರ ಭೂಕಂಪದಲ್ಲಿ ಆ ಇಟ್ಟಿಗೆಯ ಬೆಟ್ಟ ಬಿರುಕು ಬಿಟ್ಟಿತು. ಟ್ರೈಪ್ ಅದನ್ನು ತೆಗೆದದ್ದು 16 ವರ್ಷದ ಮೇಲೆ. ನಾನು ಆ ಚಿತ್ರದಲ್ಲಿ ನೋಡುವುದು ಬಿರುಕನ್ನೇ. ಮೇಲಿನಿಂದ ಸೀಳಿಕೊಂಡು ಇಳಿಯುತ್ತದೆ, ಒಳಗೆ ಗಾಢ ಕತ್ತಲು. ಆತ ಅದನ್ನು ಮರೆಮಾಡುವ ಕೋನ ಹುಡುಕಲಿಲ್ಲ, ಬಿರುಕನ್ನೇ ದೊಡ್ಡದಾಗಿ ತೋರಿಸಲೂ ಹೋಗಲಿಲ್ಲ. ದೂರ ನಿಂತು ಇಡೀ ಗಾತ್ರವನ್ನು ತೋರಿಸಿದ. ಗಾತ್ರ ಕಂಡರೆ ತಾನೆ ಬಿರುಕು ಎಷ್ಟು ದೊಡ್ಡದು ಅಂತ ಗೊತ್ತಾಗುವುದು.

ಇನ್ನೊಂದು ಒಂದು ಹುಣಸೆ ಮರ. ಯೆನಾಂಜೌಂಗ್ ಎಂಬ ಊರಿನದು. ಆ ಊರು ಎಣ್ಣೆಗೆ ಹೆಸರಾದದ್ದು. ಜನ ಕೈಯಿಂದಲೇ ಬಾವಿ ತೋಡಿ ನೆಲದ ಎಣ್ಣೆ ಎತ್ತುತ್ತಿದ್ದರು. ಸರ್ಕಾರಕ್ಕೆ ಆ ಎಣ್ಣೆಯ ಬಗ್ಗೆ ಬಹಳ ಕುತೂಹಲ. ಅಂಥ ಊರಲ್ಲಿ ಇಳಿದವನು ಒಂದು ಹಾಳೆಯನ್ನು ಹುಣಸೆ ಮರಕ್ಕೆ ಕೊಟ್ಟ! ಮೇಣದ ಕಾಗದಕ್ಕೆ ಮರ ಅಂದರೆ ಶತ್ರು. ಹಸಿರು ಕಪ್ಪಾಗುತ್ತದೆ, ಗಾಳಿ ಬಂದರೆ ಎಲ್ಲ ಕಲಸಿಹೋಗುತ್ತದೆ. ಹುಣಸೆಯ ಎಲೆ ಎಷ್ಟು ಸಣ್ಣದು, ಎಷ್ಟು ಬೇಗ ಅಲುಗಾಡುತ್ತದೆ ಅಂತ ನಮಗೆ ಹೇಳಬೇಕಾ? ಆದರೂ ತೆಗೆದ, ಆಯ್ಕೆ ಮಾಡಿದ ಸೆಟ್ಟಿನಲ್ಲೂ ಸೇರಿಸಿದ. ಸರ್ಕಾರಿ ಕೆಲಸದ ಪಟ್ಟಿಯಲ್ಲಿ ಮರ ಇದ್ದಿರಲಾರದು. ಅದು ಆತನಿಗೇ ಬೇಕೆನಿಸಿದ್ದು. ಊರು ಸುತ್ತುವ ಯಾರೇ ಆಗಲಿ, ಅಂಥ ಒಂದು ಚಿತ್ರವಾದರೂ ಇದ್ದರೆ ಆ ಮನುಷ್ಯನ ಮೇಲೆ ನನಗೆ ಪ್ರೀತಿ ಹುಟ್ಟುತ್ತದೆ.

ಬರ್ಮಾದಿಂದ ಬಂದ ಮೇಲೆ ಆ ನೆಗೆಟಿವ್‌ಗಳನ್ನು ಪ್ರಿಂಟ್ ಮಾಡಿದ್ದು ಎಲ್ಲಿ? ಬೆಂಗಳೂರಲ್ಲಿ. 120 ಚಿತ್ರ ಆರಿಸಿ, ಅದರ 50 ಸೆಟ್ಟು. ಅಂದರೆ 6,000 ಪ್ರಿಂಟ್. ಚಿತ್ರ ದೊಡ್ಡದು ಮಾಡುವ ಎನ್‌ಲಾರ್ಜರ್ ಇಲ್ಲ, ವಿದ್ಯುತ್ ಇಲ್ಲ. ಬೆಳ್ಳಿ ಹಚ್ಚಿದ ಕಾಗದದ ಮೇಲೆ ನೆಗೆಟಿವ್ ಇಟ್ಟು, ಗಾಜಿನ ಚೌಕಟ್ಟಿನಲ್ಲಿ ಒತ್ತಿ, ಬಿಸಿಲಿಗೆ ಇಡಬೇಕು. ಒಂದೊಂದನ್ನೂ ಆಗಾಗ ತೆರೆದು ನೋಡಬೇಕು, ಸಾಕಾಯಿತಾ ಅಂತ. ಆಮೇಲೆ ನೀರು, ನೀರು, ಮತ್ತೆ ನೀರು. ಈಗ ಲಂಡನ್, ನ್ಯೂಯಾರ್ಕ್ ಮ್ಯೂಸಿಯಂಗಳಲ್ಲಿ ಕೂತಿರುವ ಆ ಚಿತ್ರಗಳು ನಮ್ಮ ಬೆಂಗಳೂರಿನ ಬಿಸಿಲಲ್ಲಿ ಮೂಡಿದವು. ಇಷ್ಟು ಕೆಲಸವನ್ನು ಒಬ್ಬನೇ ಮಾಡಲು ಸಾಧ್ಯವಿಲ್ಲ. ಸಹಾಯಕರು ಇದ್ದರು, ಅವರು ಇಲ್ಲಿನವರೇ. ಅಯ್ಯಾಸ್ವಾಮಿ ಎಂಬ ಒಬ್ಬರ ಹೆಸರು ಮಾತ್ರ ಟ್ರೈಪ್ ಜೊತೆಗೆ ಕೇಳಿಬರುತ್ತದೆ. ಉಳಿದವರ ಹೆಸರು ಪ್ರಿಂಟ್‌ಗಳ ಮೇಲೆ ಇಲ್ಲ. ಸಹಿ ಇರುವುದು ಟ್ರೈಪನದು ಮಾತ್ರ.

1856ರಲ್ಲಿ ಆತನಿಗೆ ಮದ್ರಾಸ್ ಸರ್ಕಾರದ ಅಧಿಕೃತ ಫೋಟೋಗ್ರಾಫರ್ ಹುದ್ದೆ ಸಿಕ್ಕಿತು. ಈ ಸೀಮೆಯ ಹಳೇ ಕಟ್ಟಡಗಳು ಹಾಳಾಗಿ ಹೋಗುವ ಮೊದಲು ಅವುಗಳ ಚಿತ್ರ ಹಿಡಿದಿಡಬೇಕು, ಇತಿಹಾಸ ಓದುವವರಿಗೆ, ಶಿಲ್ಪ ನೋಡುವವರಿಗೆ, ಕಟ್ಟಡ ಕಟ್ಟುವವರಿಗೆ ಅವು ಸಿಗಬೇಕು ಅನ್ನುವುದು ಆತನ ಉದ್ದೇಶ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಯಾಕೆಂದರೆ ನಾನು ಇವತ್ತು ಹೇಳಬೇಕೆಂದು ಬಂದದ್ದು ಇದನ್ನೇ. ನಾವು ಪ್ರವಾಸದಲ್ಲಿ ತೆಗೆಯುವ ಫೋಟೋ ಯಾರಿಗಾಗಿ?

ನಮ್ಮ ಮನೆಯ ಹಳೇ ಆಲ್ಬಮ್ ನೋಡಿದರೆ ಉತ್ತರ ಗೊತ್ತಾಗುತ್ತದೆ. ನಮ್ಮ ತಂದೆಯ ಹತ್ತಿರ ಆಗ್ಫಾ ಕ್ಲಿಕ್-3 ಎಂಬ ಕ್ಯಾಮೆರಾ ಇತ್ತು. ಒಂದು ರೋಲಿಗೆ 12 ಫೋಟೋ. ಬೇಲೂರಿಗೆ ಹೋದರೆ ಎಲ್ಲರೂ ಸಾಲಾಗಿ ಗುಡಿಯ ಮುಂದೆ ನಿಲ್ಲುತ್ತಿದ್ದೆವು. ದೊಡ್ಡವರು ಹಿಂದೆ, ಮಕ್ಕಳು ಮುಂದೆ. ಆ ಫೋಟೋದಲ್ಲಿ ಚೆನ್ನಕೇಶವ ಗುಡಿಯ ಒಂದು ಚೂರು ಗೋಡೆ, ಅತ್ತೆಯ ತಲೆಯ ಮೇಲೆ. ಅದು ನಾವು ಹೋಗಿದ್ದೆವು ಅಂತ ಹೇಳುವ ಫೋಟೋ. ಅದಕ್ಕೆ ಅದರದೇ ಬೆಲೆ ಇದೆ, ನಾನು ಅದನ್ನು ಕಡಿಮೆ ಮಾಡುವುದಿಲ್ಲ. ಆ ಫೋಟೋದಲ್ಲಿ ಇರುವ ಎಷ್ಟೋ ಜನ ಈಗ ಇಲ್ಲ. ಟ್ರೈಪನ ಚಿತ್ರ ಬೇರೆ ಥರದ್ದು. ಅದು ಅಲ್ಲಿಗೆ ಬರಲಾಗದವನಿಗಾಗಿ ತೆಗೆದದ್ದು. ನಿನ್ನ ಬದಲು ನಾನು ನಿಂತು ನೋಡುತ್ತಿದ್ದೇನೆ, ನಿನಗೆ ಏನು ಕಾಣಬೇಕು ಅಂತ ಕೇಳಿಕೊಂಡು ತೆಗೆದದ್ದು. ಈ ಎರಡನೇ ಥರದ ಫೋಟೋ ನಮ್ಮಲ್ಲಿ ಈಗ ಬಹಳ ಕಡಿಮೆಯಾಗಿದೆ ಅಂತ ನನ್ನ ಭಾವನೆ. ಫೋನ್ ತುಂಬ ಚಿತ್ರ ಇರುತ್ತವೆ. ಗುಡಿಯ ದಕ್ಷಿಣದ ಗೋಡೆಯಲ್ಲಿ ಏನಿದೆ ಅಂದರೆ ಒಂದೂ ಇರುವುದಿಲ್ಲ.

1857ರ ಡಿಸೆಂಬರ್‌ನಲ್ಲಿ ಟ್ರೈಪ್ ಬೆಂಗಳೂರಿನಿಂದ ಹೊರಟ. ಸಾಮಾನು ಎತ್ತಿನ ಗಾಡಿಗಳಲ್ಲಿ. ಹೊಸೂರಿನ ಆಚೆಯ ರಾಯಕೋಟೆ, ಸೇಲಂ ಸೀಮೆ, ಶ್ರೀರಂಗ, ತಿರುಚಿನಾಪಳ್ಳಿ, ಮಧುರೆ, ಪುದುಕೋಟೆ, ತಂಜಾವೂರು. ಉತ್ತರದಲ್ಲಿ ದಂಗೆಯ ಬೆಂಕಿ ಇನ್ನೂ ಆರಿರಲಿಲ್ಲ. ಈ ಚಿತ್ರಗಳಲ್ಲಿ ಅದರ ಒಂದು ಗುರುತೂ ಇಲ್ಲ. ಕಂಬ, ಗೋಪುರ, ಬೆಟ್ಟ, ಕೆರೆ, ಅಷ್ಟೇ. ಆ ನಿಶ್ಶಬ್ದವನ್ನು ಪೂರ್ತಿ ನಂಬಬೇಡಿ.

ಮಧುರೆಯಲ್ಲಿ ತಿರುಮಲ ನಾಯಕನ ಅರಮನೆ ಆಗ ಪಾಳು ಬಿದ್ದಿತ್ತು. ಮುಂದೆ ಗವರ್ನರ್ ನೇಪಿಯರ್ ಕಾಲದಲ್ಲಿ ಅದನ್ನು ರಿಪೇರಿ ಮಾಡಿಸಿದರು. ಈಗ ನಾವು ನೋಡುವುದು ರಿಪೇರಿಯಾದ ಅರಮನೆಯನ್ನು. ಅದಕ್ಕೂ ಮುಂಚೆ ಹೇಗಿತ್ತು ಅಂತ ತಿಳಿಯಲು ಟ್ರೈಪನ ಚಿತ್ರಗಳಿಗೇ ಹೋಗಬೇಕು.

ಅದೇ ಊರಿನ ಪುದು ಮಂಟಪ. ಮೀನಾಕ್ಷಿ ಗುಡಿಯ ಪೂರ್ವದ ಗೋಪುರದ ಎದುರಿಗೆ ಇರುವ ಉದ್ದದ ಕಲ್ಲಿನ ಮಂಟಪ. ಮಧುರೆಗೆ ಹೋದವರಿಗೆ ನೆನಪಿರಬಹುದು, ಬಹಳ ಕಾಲ ಅದರ ತುಂಬ ದರ್ಜಿಗಳು. ಕಂಬಕ್ಕೊಂದು ಹೊಲಿಗೆ ಮಿಷನ್ನು. ಕಂಬದಲ್ಲಿ ಕೆತ್ತಿದ ಯಾಳಿ ಎಂಬ ಸಿಂಹದಂಥ ಮೃಗದ ಕಾಲ ಬುಡದಲ್ಲಿ ಬಟ್ಟೆಯ ಥಾನು, ಶಿಲ್ಪದ ಕೈಗೆ ಹೊಲಿದ ರವಿಕೆ ನೇತುಹಾಕಿರುತ್ತಿದ್ದರು. ಅಳತೆ ಕೊಟ್ಟು ದರ್ಶನಕ್ಕೆ ಹೋಗಿ ಬರುವುದರೊಳಗೆ ಬಟ್ಟೆ ರೆಡಿ. ಈಚೆಗೆ ಆ ಅಂಗಡಿಗಳನ್ನು ಬೇರೆ ಕಡೆಗೆ ಕಳಿಸಿದ್ದಾರೆ. ಟ್ರೈಪನ ಚಿತ್ರದಲ್ಲಿ ಅದೇ ಮಂಟಪ, ಅದೇ ಕಂಬಗಳು. ಒಬ್ಬರೂ ಇಲ್ಲ. ಎರಡು ಸಾಲು ಕಂಬ ಒಳಗೆ ಒಳಗೆ ಹೋಗುತ್ತವೆ, ಸಂದಿನಿಂದ ಬಂದ ಬೆಳಕು ನೆಲದ ಮೇಲೆ ಪಟ್ಟೆ ಪಟ್ಟೆಯಾಗಿ ಬಿದ್ದಿರುತ್ತದೆ. ಶಿಲ್ಪ ನೋಡಲು ಇದೇ ಒಳ್ಳೆಯದು, ಖಂಡಿತ. ಆದರೆ ಮಂಟಪ ಅಂದರೆ ನನಗೆ ಆ ಮಿಷನ್ನುಗಳ ಸದ್ದೂ ಹೌದು. ದರ್ಜಿಗಳು ಇದ್ದಾಗಿನ ಪುದು ಮಂಟಪವನ್ನು ಯಾರಾದರೂ ಟ್ರೈಪನಷ್ಟೇ ಜತನದಿಂದ, ಒಂದೊಂದು ಕಂಬವನ್ನೂ ಬಿಡದೆ ತೆಗೆದಿಟ್ಟಿದ್ದರೆ ಅದು ಬಹಳ ದೊಡ್ಡ ಕೆಲಸ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಚಿತ್ರ. ಅದು ಒಂದು ಚಿತ್ರ ಅಲ್ಲ, 21 ಚಿತ್ರ. ತಂಜಾವೂರಿನ ಬೃಹದೀಶ್ವರ ಗುಡಿ ನಿಮಗೆ ಗೊತ್ತು. ರಾಜರಾಜ ಚೋಳ ಕಟ್ಟಿಸಿದ್ದು, 1010ರ ಹೊತ್ತಿಗೆ ಮುಗಿದದ್ದು. ಅದರ ಮುಂದೆ ನಿಂತ ಯಾರೇ ಆದರೂ ಕ್ಯಾಮೆರಾ ಮೇಲಕ್ಕೆ ಎತ್ತುತ್ತಾರೆ. 60 ಮೀಟರ್‌ಗಿಂತ ಎತ್ತರದ ವಿಮಾನ, ಅಂದರೆ ಗರ್ಭಗುಡಿಯ ಮೇಲಿನ ಗೋಪುರ, ಎದುರಿಗಿದ್ದರೆ ಇನ್ನೇನು ಮಾಡುತ್ತಾರೆ? ಟ್ರೈಪ್ ಕೂಡ ವಿಮಾನವನ್ನು ತೆಗೆದ. ಆದರೆ ಆಮೇಲೆ ಕ್ಯಾಮೆರಾ ಕೆಳಗೆ ಇಳಿಸಿದ. ಗುಡಿಯ ಬುಡದ ಪಟ್ಟಿಯಲ್ಲಿ ಸುತ್ತಲೂ ಶಾಸನ ಇದೆ, ತಮಿಳಿನಲ್ಲಿ. ಗುಡಿಯ ಸುತ್ತ ಒಂದೊಂದೇ ಹೆಜ್ಜೆ ಸರಿಯುತ್ತ, ಆ ಅಕ್ಷರಗಳ ಪಟ್ಟಿಯನ್ನು ತುಂಡು ತುಂಡಾಗಿ ತೆಗೆದ. 21 ಪ್ರಿಂಟ್‌ಗಳನ್ನು ಸಾಲಾಗಿ ಅಂಟಿಸಿ ಒಂದು ಸುರುಳಿ ಮಾಡಿದ. ಉದ್ದ ಸುಮಾರು ಆರು ಮೀಟರ್.

ಇದು ಎಷ್ಟು ಕಷ್ಟ ಅಂತ ನಿಮಗೆ ಅರ್ಥವಾಗುತ್ತದೆ. ಒಂದು ತುಂಡು ಇನ್ನೊಂದಕ್ಕೆ ಕೂಡಬೇಕಾದರೆ ಗೋಡೆಯಿಂದ ದೂರ ಒಂದೇ ಇರಬೇಕು, ಎತ್ತರ ಒಂದೇ ಇರಬೇಕು. ಗುಡಿಯ ಒಂದು ಮೈಗೆ ಬೆಳಗ್ಗೆ ಬಿಸಿಲು, ಇನ್ನೊಂದು ಮೈಗೆ ಸಂಜೆ. ಬಿಸಿಲು ನೇರ ಬಿದ್ದರೆ ಅಕ್ಷರ ಅಳಿಸಿದ ಹಾಗೆ ಕಾಣುತ್ತದೆ. ಕೆತ್ತಿದ ಅಕ್ಷರ ಓದಲು ಓರೆ ಬೆಳಕೇ ಬೇಕು. ನಮ್ಮೂರ ವೀರಗಲ್ಲುಗಳ ಮೇಲೆ ಓರೆಯಾಗಿ ಟಾರ್ಚ್ ಹಿಡಿದು ಓದುತ್ತೇವಲ್ಲ, ಹಾಗೆ. ಮೂಲೆ ಬಂದಾಗ ತಿರುಗಬೇಕು. ಕಂಬದ ಚಾಚು ಅಡ್ಡ ಬಂದರೆ ದಾಟಬೇಕು. ಹಾಳೆಯಿಂದ ಹಾಳೆಗೆ ಕಪ್ಪು ಬಿಳುಪಿನ ಹದ ತಪ್ಪಬಾರದು. ಇಷ್ಟೆಲ್ಲ ಮಾಡಿ ಕೊನೆಗೆ ಸಿಕ್ಕಿದ್ದು ಏನು? ಚೆಲುವಾದ ನೋಟ ಅಲ್ಲ. ಒಂದು ಕಲ್ಲಿನ ಪಟ್ಟಿ, ಅದರ ಮೇಲೆ ಅಕ್ಷರ.

ಆ ಶಾಸನದ ಶುರುವಿನಲ್ಲಿ ರಾಜರಾಜ ಹೇಳುವುದು ಇದು: ನಾನು ಕೊಟ್ಟದ್ದು, ನನ್ನ ಅಕ್ಕ ಕೊಟ್ಟದ್ದು, ನನ್ನ ರಾಣಿಯರು ಕೊಟ್ಟದ್ದು, ಬೇರೆಯವರು ಕೊಟ್ಟದ್ದು, ಎಲ್ಲವನ್ನೂ ಈ ವಿಮಾನದ ಕಲ್ಲಿನ ಮೇಲೆ ಕೆತ್ತಿರಿ. ಹಾಗೆ ಕೆತ್ತಿದ ಪಟ್ಟಿಯನ್ನು ಎಂಟೂವರೆ ಶತಮಾನ ಕಳೆದ ಮೇಲೆ ಒಬ್ಬ ಕಾಗದಕ್ಕೆ ಇಳಿಸಿದ. ತಂಜಾವೂರಿಗೆ ಹೋಗಲಾಗದ ಒಬ್ಬ ವಿದ್ವಾಂಸ ತನ್ನ ಮೇಜಿನ ಮೇಲೆ ಆ ಸುರುಳಿ ಬಿಡಿಸಿ ಅಕ್ಷರ ಅಕ್ಷರ ಓದಲಿ ಅಂತ. ಆ ಸುರುಳಿಯ ಮುಂದೆ ನಡೆಯುತ್ತ ಹೋದರೆ ಗುಡಿಯ ಗೋಡೆಯ ಪಕ್ಕದಲ್ಲೇ ನಡೆದ ಹಾಗೆ ಆಗುತ್ತದೆ. ನನಗೆ ಕಣ್ಣು ತುಂಬಿ ಬಂತು, ಹೇಳಲು ಸಂಕೋಚ ಇಲ್ಲ.

ಇದಕ್ಕೂ ಕನ್ನಡಕ್ಕೂ ಏನು ಸಂಬಂಧ ಅಂದರೆ, ಬಹಳ ಹತ್ತಿರದ ಸಂಬಂಧವೇ ಇದೆ. 1865ರಲ್ಲಿ ಮೇಜರ್ ಡಿಕ್ಸನ್ ಎಂಬ ಇನ್ನೊಬ್ಬ ಸೈನ್ಯದ ಅಧಿಕಾರಿ ಮೈಸೂರು ಸೀಮೆಯ ಶಾಸನಗಳ ಫೋಟೋ ತೆಗೆದ. ಆ ಫೋಟೋಗಳು ಬೆಂಗಳೂರಲ್ಲೇ ಹುಟ್ಟಿದ ಬಿ. ಎಲ್. ರೈಸ್ ಅವರ ಕೈಗೆ ಬಂದವು. ಅವುಗಳ ಆಧಾರದ ಮೇಲೆ 1879ರಲ್ಲಿ ರೈಸ್ ಮೈಸೂರಿನ ಶಾಸನಗಳ ಪುಸ್ತಕ ಹೊರತಂದರು. ಮುಂದೆ ಸಂಪುಟ ಸಂಪುಟವಾಗಿ ಕರ್ನಾಟಕದ ಶಾಸನಗಳು ಬಂದವಲ್ಲ, ಆ ಕೆಲಸಕ್ಕೆ ಇದು ಮೊದಲ ಮೆಟ್ಟಿಲು. ನಮ್ಮ ಇತಿಹಾಸದ ಎಷ್ಟೋ ಭಾಗ ಫೋಟೋದಲ್ಲಿ ಕಂಡ ಅಕ್ಷರದಿಂದ ಓದಿದ್ದು.

ಟ್ರೈಪನ ಕಥೆ ಬೇಗ ಮುಗಿಯಿತು. ದಂಗೆಯ ನಂತರ ಸರ್ಕಾರದ ಬೊಕ್ಕಸ ಖಾಲಿ. 1859ರಲ್ಲಿ ಮದ್ರಾಸಿಗೆ ಗವರ್ನರ್ ಆಗಿ ಬಂದ ಚಾರ್ಲ್ಸ್ ಟ್ರೆವಿಲಿಯನ್ ಲೆಕ್ಕ ನೋಡಿದ. ಫೋಟೋಗ್ರಫಿ ಒಂದು ಐಷಾರಾಮ, ಈಗಿನ ಸ್ಥಿತಿಯಲ್ಲಿ ಇದಕ್ಕೆ ಹಣ ಇಲ್ಲ ಅಂತ ತೀರ್ಮಾನಿಸಿ ವಿಭಾಗವನ್ನೇ ಮುಚ್ಚಿಸಿದ. ಟ್ರೈಪ್‌ಗೆ ಆಗ ನಲವತ್ತೂ ಆಗಿರಲಿಲ್ಲ. ಮುಂದೆ 1902ರವರೆಗೆ ಬದುಕಿದ್ದ, ಆದರೆ ಈ ಥರದ ದೊಡ್ಡ ಕೆಲಸವನ್ನು ಮತ್ತೆ ಕೈಗೆತ್ತಿಕೊಳ್ಳಲಿಲ್ಲ. ಮೈಸೂರು ಸೀಮೆಯನ್ನೂ ಇನ್ನಷ್ಟು ಸುತ್ತಿದ್ದರೆ ಅಂತ ನನಗೆ ಆಸೆ. ಆತ ತೆಗೆದ ಚಿತ್ರಗಳನ್ನು ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ಮೆಟ್ರೊಪಾಲಿಟನ್ ಮ್ಯೂಸಿಯಂಗಳ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಫೋನಿನ ಪರದೆಯಲ್ಲಿ ಬೇಡ, ದೊಡ್ಡ ಪರದೆಯಲ್ಲಿ ತೆರೆದು ನೋಡಿ.

ಕೊನೆಯದಾಗಿ ನಿಮ್ಮ ಹತ್ತಿರ ಒಂದು ಕೆಲಸ ಕೇಳುತ್ತೇನೆ. ನಿಮ್ಮ ಮನೆಯ ಆಲ್ಬಮ್‌ಗಳಲ್ಲಿ ಗುಡಿ, ಕೆರೆ ಏರಿ, ತೇರು, ಸಂತೆಯ ಫೋಟೋ ಇದ್ದೇ ಇರುತ್ತವೆ. ಅದು ಯಾವ ಊರು, ಯಾವ ವರ್ಷ, ಯಾವ ಕಡೆಯಿಂದ ತೆಗೆದದ್ದು ಅಂತ ಮನೆಯ ಹಿರಿಯರನ್ನು ಕೇಳಿ ಹಿಂಬದಿಗೆ ಬರೆದಿಡಿ. ಪೆನ್ ಬೇಡ, ಶಾಯಿ ಇಳಿದು ಮುಂದಕ್ಕೆ ಬರುತ್ತದೆ. ಮೆತ್ತನೆಯ ಪೆನ್ಸಿಲ್ ತೆಗೆದುಕೊಂಡು, ಅಂಚಿನಲ್ಲಿ, ಒತ್ತದೆ ಬರೆಯಿರಿ. ಹಳೇಬೀಡು, ಬೇಲೂರಿನ ಹಳೇ ಫೋಟೋ ಯಾರ ಹತ್ತಿರ ಇದ್ದರೂ ಮುಂದಿನ ತಿಂಗಳು ತನ್ನಿ. ಅತ್ತೆ, ಮಾವ, ಮಕ್ಕಳು ಗುಡಿಯ ಮುಂದೆ ಸಾಲಾಗಿ ನಿಂತದ್ದಾದರೂ ಪರವಾಗಿಲ್ಲ. ತಲೆಯ ಮೇಲೆ ಕಾಣುವ ಒಂದು ಚೂರು ಗೋಡೆಯೂ ಬೇಕು. ಸ್ಕ್ಯಾನ್ ಮಾಡಿ ಅವತ್ತೇ ವಾಪಸ್ ಕೊಡುತ್ತೇನೆ. ಫೋಟೋ ಆಲ್ಬಮ್ಮಿಗೆ ಅಂಟಿಕೊಂಡಿದ್ದರೆ ಕಿತ್ತು ತೆಗೆಯಲು ಹೋಗಬೇಡಿ, ಹರಿದುಹೋಗುತ್ತದೆ. ಆಲ್ಬಮ್ಮನ್ನೇ ತನ್ನಿ.